ಅಕ್ಕನಿಗೆ ಓದಿ ಹೇಳಿದ್ದು

ನೀರಿನ ಇಲಾಖೆಯಲ್ಲಿ ನನ್ನನ್ನು ಎಲ್ಲರೂ ಕಿವಿ ಎಂದೇ ಕರೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಆದರೆ ಅದನ್ನು ಕೂಗಿದರೆ ನಾನೇ ತಿರುಗಿ ನೋಡುವುದಿಲ್ಲ. ನೆಲದಡಿಯ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಮೇಲಿನಿಂದಲೇ ಕೇಳಿ ಹೇಳುವುದು ನನ್ನ ಕೆಲಸ. ಐದು ಅಡಿ ಉದ್ದದ ಉಕ್ಕಿನ ಸರಳು, ಅದರ ತಲೆಯಲ್ಲಿ ಒಂದು ಮರದ ಬಟ್ಟಲು, ಇಷ್ಟೇ ಸಲಕರಣೆ. ಸರಳಿನ ತುದಿಯನ್ನು ರಸ್ತೆಗೆ ಊರಿ ಬಟ್ಟಲಿಗೆ ಕಿವಿ ಕೊಟ್ಟು ನಿಲ್ಲಬೇಕು. ಸೋರುವ ನೀರು ಒಂದೇ ಸಮನೆ ಸುಯ್‌ಗುಟ್ಟುತ್ತದೆ. ಆ ಸದ್ದು ಎಲ್ಲಿ ದಪ್ಪವಾಗಿದೆಯೋ ಅಲ್ಲಿ ಬಿಳಿ ಬಣ್ಣದಲ್ಲಿ ಗುರುತು ಹಾಕುತ್ತೇನೆ, ಅಗೆಯುವವರು ಬಂದು ಅಗೆಯುತ್ತಾರೆ. ಇದಕ್ಕೆಂದೇ ಇಲಾಖೆಯವರು ಒಂದು ಯಂತ್ರ ತಂದರು. ಯಂತ್ರ ಕಪಾಟಿನಲ್ಲಿದೆ, ನಾನು ರಸ್ತೆಯಲ್ಲಿದ್ದೇನೆ ಎಂದು ಸಿಕ್ಕಸಿಕ್ಕವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಒಂದು ಶುಕ್ರವಾರದ ಬೆಳಗಿನವರೆಗೆ ಇತ್ತು.

ಅದೇ ವಾರದ ಮಂಗಳವಾರ ಅಕ್ಕನ ಗಂಟಲು ನೋಡಿದ ವೈದ್ಯರು ನನ್ನನ್ನು ಒಳಗೆ ಕರೆದು ಕೂರಿಸಿದ್ದರು. ಗಡ್ಡೆ ಧ್ವನಿಪೆಟ್ಟಿಗೆಯಲ್ಲೇ ಇದೆ, ಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಸೋಮವಾರ ಬೆಳಗ್ಗೆ ಮಾಡೋಣ ಎಂದರು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಅಲ್ಲಿಯವರೆಗೆ ಮಾತಾಡಬಹುದೇ ಎಂದು ಕೇಳಿದೆ. ಆಡಬಹುದು, ಆದರೆ ಒಂದೊಂದು ಮಾತಿಗೂ ನೋವಾಗುತ್ತದೆ, ಬೇಕಾದ್ದನ್ನು ಮಾತ್ರ ಆಡಲಿ ಎಂದರು. ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಾನು ಹೊರಬಂದಾಗ ನನ್ನ ಮುಖ ನೋಡಿ ತನ್ನ ಚೀಲ ಎತ್ತಿಕೊಂಡು ಮುಂದೆ ನಡೆದಳು.

ನನ್ನ ಕಾಲಿಗೆ ಆಗಲೇ ಚಕ್ರ ಕಟ್ಟಿದಂತಾಗಿತ್ತು. ರಜೆಯ ಅರ್ಜಿ, ಎರಡು ಬಾಟಲಿ ರಕ್ತ, ರಕ್ತ ಕೊಡುವ ಇಬ್ಬರು, ಕತ್ತಿಗೆ ಹಾಕುವ ಕೊಳವೆ ಯಾವ ಅಳತೆಯದು, ಆಸ್ಪತ್ರೆಯಲ್ಲಿ ಯಾರು ಯಾವತ್ತು ಉಳಿಯುವುದು, ಅವಳ ಮಂಚವನ್ನು ಕಿಟಕಿಯ ಹತ್ತಿರ ಎಳೆಯುವುದೋ ಬೇಡವೋ. ಒಂದು ಮುಗಿಯುವ ಮೊದಲೇ ಇನ್ನೊಂದು ತಲೆ ತೂರಿಸುತ್ತಿತ್ತು. ನನ್ನ ಹೆಂಡತಿ ಇದರಲ್ಲಿ ಅರ್ಧವನ್ನು ತಾನು ನೋಡಿಕೊಳ್ಳುತ್ತೇನೆ ಎಂದಳು. ನಿನಗೆ ಗೊತ್ತಾಗುವುದಿಲ್ಲ ಎಂದು ಅವಳ ಮೇಲೆ ರೇಗಿದೆ. ನಿಜ ಹೇಳಬೇಕೆಂದರೆ ಓಡಾಡುತ್ತಿರುವಷ್ಟು ಹೊತ್ತು ಅಕ್ಕನ ಎದುರು ಕೂರಬೇಕಾಗಿರಲಿಲ್ಲ. ಅದು ನನಗೆ ಬೇಕಾಗಿತ್ತು.

ಬುಧವಾರ ಸಂಜೆ ನಾನು ಅವಳ ಕೋಣೆಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ಯಾರ ಜೊತೆಗೋ ರಕ್ತದ ಗುಂಪಿನ ವಿಚಾರ ಮಾತಾಡುತ್ತಿದ್ದೆ. ಅಕ್ಕ ಮಂಚದ ಪಟ್ಟಿಯನ್ನು ಬೆರಳಿನಿಂದ ಬಡಿದು ಕರೆದಳು. ಅವಳ ದನಿ ಆಗಲೇ ಒಣ ಎಲೆಯ ಮೇಲೆ ನಡೆದ ಹಾಗೆ ಆಗಿತ್ತು.

"ಒಂದ್ ಗಂಟೆ ನನ್ನ ಹತ್ರ ಕೂತ್ಕೋ," ಎಂದಳು. "ಫೋನು ಬೇಡ."

ಆಯಿತು ಅಕ್ಕ, ಕೂರ್ತೀನಿ ಎಂದೆ. ಕೂರಲಿಲ್ಲ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಅದರ ಬದಲು ನನಗೊಂದು ದೊಡ್ಡ ಉಪಾಯ ಹೊಳೆಯಿತು.

ಅದನ್ನು ಹೇಳುವ ಮೊದಲು ಅಕ್ಕನ ಕೆಲಸ ಏನೆಂದು ಹೇಳಬೇಕು. ಅವಳು ಮೂವತ್ತೆಂಟು ವರ್ಷ ಒಂದು ಮುದ್ರಣಾಲಯದಲ್ಲಿ ಓದಿ ಹೇಳುವವಳಾಗಿದ್ದಳು. ಕರಡು ತಿದ್ದುವವನು ಅಚ್ಚಾದ ಹಾಳೆಯನ್ನು ಮುಂದಿಟ್ಟುಕೊಂಡು ಕೂರುತ್ತಾನೆ. ಇವಳು ಎದುರು ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು. ಕಿವಿಗೆ ಬಿದ್ದದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ತಾಳೆಯಾಗದಿದ್ದರೆ ಅವನು ಗೀಟು ಹಾಕುತ್ತಾನೆ. ಮತದಾರರ ಪಟ್ಟಿ, ರೈಲಿನ ವೇಳಾಪಟ್ಟಿ, ಔಷಧದ ಪುಸ್ತಕ, ಕಾದಂಬರಿ, ಎಲ್ಲವನ್ನೂ ದಿನಕ್ಕೆ ಎಂಟು ಗಂಟೆ ಒಂದೇ ಸಮನಾದ ದನಿಯಲ್ಲಿ ಓದುತ್ತಿದ್ದಳು. ಚಿಹ್ನೆಗಳನ್ನೂ ಬಿಡುವಂತಿಲ್ಲ. ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನೆ, ಆವರಣ ಶುರು, ಆವರಣ ಮುಗೀತು. ಅಮ್ಮ ತೀರಿಕೊಂಡಾಗ ನನಗೆ ಐದು ವರ್ಷ, ಅಕ್ಕನಿಗೆ ಹದಿನೆಂಟು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಆ ವರ್ಷವೇ ಅವಳು ಕೆಲಸಕ್ಕೆ ಸೇರಿದಳು. ನನ್ನ ಮೈಮೇಲಿನ ಬಟ್ಟೆ, ತಟ್ಟೆಯ ಅನ್ನ, ಶಾಲೆಯ ಚೀಲ ಎಲ್ಲ ಅವಳ ಗಂಟಲಿನಿಂದ ಬಂದದ್ದು.

ನನ್ನ ಉಪಾಯ ಇದು. ಅವಳ ದನಿಯನ್ನು ಫೋನಿನಲ್ಲಿ ಹಿಡಿದಿಡುವುದು. ಒಂದು ಹಾಳೆಯಲ್ಲಿ ಮೂವತ್ತೆರಡು ವಾಕ್ಯ ಬರೆದೆ. ನನಗೆ ಬರೆಯುವುದೆಂದರೆ ಕಲ್ಲು ಹೊತ್ತ ಹಾಗೆ, ಆದರೂ ಬರೆದೆ. ಊಟ ಆಯ್ತಾ? ಹುಷಾರಾಗಿ ಹೋಗಿ ಬಾ. ಚೆನ್ನಾಗಿರು, ಮಗು. ಗುರುವಾರ ಬೆಳಗ್ಗೆ ಹಾಳೆಯನ್ನು ಅವಳ ಕೈಗೆ ಕೊಟ್ಟು ಫೋನನ್ನು ಅವಳ ಗಲ್ಲದ ಹತ್ತಿರ ಹಿಡಿದೆ. ಅವಳು ಕನ್ನಡಕ ಹಾಕಿಕೊಂಡಳು, ಬೆನ್ನು ನೆಟ್ಟಗೆ ಮಾಡಿಕೊಂಡಳು, ಓದಿದಳು.

"ಊಟ ಆಯ್ತಾ ಪ್ರಶ್ನೆ. ಹುಷಾರಾಗಿ ಹೋಗಿ ಬಾ ಪೂರ್ಣವಿರಾಮ. ಚೆನ್ನಾಗಿರು ಅಲ್ಪವಿರಾಮ ಮಗು ಪೂರ್ಣವಿರಾಮ."

ಬರೆದ ಹಾಳೆ ಕೈಗೆ ಬಂದರೆ ಅವಳ ಬಾಯಿಗೆ ಬೇರೆ ರೀತಿ ಗೊತ್ತೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವಿಗೋ ಅಳುವಿಗೋ ತಿಳಿಯಲಿಲ್ಲ. ನಾನು ಸಿಡಿಮಿಡಿಗೊಂಡು, ಹಾಗಲ್ಲ ಅಕ್ಕ, ಮಾಮೂಲಿನಂತೆ ಹೇಳು ಎಂದು ಮತ್ತೆ ಓದಿಸಿದೆ. ಹದಿನಾಲ್ಕನೆಯ ವಾಕ್ಯಕ್ಕೆ ಅವಳಿಗೆ ಕೆಮ್ಮು ಬಂದು ಕಣ್ಣಲ್ಲಿ ನೀರು ಬಂತು. ಉಳಿದದ್ದು ನಾಳೆ ಎಂದು ಹಾಳೆ ಮಡಚಿಟ್ಟೆ. ಬೇಕಾದ್ದನ್ನು ಮಾತ್ರ ಆಡಲಿ ಎಂದು ವೈದ್ಯರು ಹೇಳಿದ್ದರು. ಅದರಲ್ಲಿ ಹದಿನಾಲ್ಕು ಮಾತನ್ನು ನಾನು ಹೀಗೆ ಹಾಳು ಮಾಡಿದೆ.

ಶುಕ್ರವಾರ ಬೆಳಗ್ಗೆ ಆರು ಗಂಟೆಗೆ ಒಂದು ಉದ್ದನೆಯ ಬೀದಿಗೆ ಹೋದೆ. ಅಲ್ಲಿ ನಲ್ಲಿಗಳಲ್ಲಿ ನೀರು ನೂಲಿನಷ್ಟು ಬರುತ್ತಿದೆ ಎಂದು ವಾರದಿಂದ ದೂರಿತ್ತು. ಅಗೆಯುವವರ ಮೇಸ್ತ್ರಿ ತನ್ನ ಆರು ಜನರೊಂದಿಗೆ ವ್ಯಾನಿನಲ್ಲಿ ಕಾಯುತ್ತಿದ್ದ. ಮೂರನೆಯ ಮನೆಯ ಎದುರು ಸರಳು ಊರಿದೆ. ಸುಯ್ ಎಂದು ಸ್ಪಷ್ಟವಾಗಿ ಕೇಳಿಸಿತು. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಸದ್ದು ಸಿಕ್ಕಿದ ತಕ್ಷಣ ಗುರುತು ಹಾಕುವಂತಿಲ್ಲ. ಎರಡೂ ಬದಿಯ ಮನೆಗಳ ಬಾಗಿಲು ತಟ್ಟಿ, ಐದು ನಿಮಿಷ ನಲ್ಲಿ ನಿಲ್ಲಿಸಿ ಎಂದು ಹೇಳಿ, ಮತ್ತೊಮ್ಮೆ ಕೇಳಬೇಕು. ಯಾರಾದರೂ ನಲ್ಲಿ ಬಿಟ್ಟಿದ್ದರೆ ಅದೂ ಥೇಟ್ ಸೋರಿಕೆಯ ಹಾಗೆಯೇ ಸುಯ್‌ಗುಟ್ಟುತ್ತದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಬಾಗಿಲು ತಟ್ಟದೆ ಗುರುತು ಹಾಕಿದ್ದಿಲ್ಲ. ಅವತ್ತು ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎರಡನೆಯ ರಕ್ತದಾನಿ ಹತ್ತು ಗಂಟೆಯೊಳಗೆ ಬರಬೇಕು ಎಂದು ಆಸ್ಪತ್ರೆಯಿಂದ. ಅದಕ್ಕೆ ಉತ್ತರ ಕೊಡುತ್ತಲೇ ಬಣ್ಣದ ಡಬ್ಬಿ ತೆಗೆದು ರಸ್ತೆಯ ಮೇಲೆ ಗುರುತು ಹಾಕಿದೆ.

ಎರಡು ಗಂಟೆ ಅಗೆದರು. ಕೊಳವೆ ಕಂಡಿತು, ಸುತ್ತ ಮಣ್ಣು ಪುಡಿಪುಡಿಯಾಗಿ ಒಣಗಿತ್ತು. ಇನ್ನೊಂದು ಗಜ ಅತ್ತ ಅಗೆದರು, ಇತ್ತ ಅಗೆದರು. ಒಂದು ಹನಿ ಇಲ್ಲ. ಆಗ ಮೂರನೆಯ ಮನೆಯ ಬಾಗಿಲು ತೆರೆದು ಒಬ್ಬ ಮುದುಕಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಗುಂಡಿ ನೋಡಿದರು, ನನ್ನ ಕೈಯಲ್ಲಿದ್ದ ಸರಳು ನೋಡಿದರು.

"ನಾನು ಬಟ್ಟೆ ನೆನೆಸೋಕೆ ತೊಟ್ಟಿಗೆ ನೀರು ಬಿಟ್ಕೊಂಡಿದ್ದೆ ಕಣಪ್ಪಾ," ಎಂದರು. "ಬಿಡಬಾರದಿತ್ತಾ?"

ತಪ್ಪು ನನ್ನದು, ಕ್ಷಮೆ ಕೇಳುವ ದನಿ ಅವರದು. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನೆಲವೇನೋ ಆಗಲೇ ಬಾಯಿ ಬಿಟ್ಟಿತ್ತು, ನಾನೇ ಬಿಡಿಸಿದ್ದು. ಮೇಸ್ತ್ರಿ ಗುಂಡಿಯಿಂದ ಮೇಲೆ ಬಂದು ನನ್ನನ್ನು ಒಂದು ಪಕ್ಕಕ್ಕೆ ಕರೆದುಕೊಂಡು ಹೋದ. ಅವನು ಯಾವಾಗಲೂ ತಮಾಷೆಯ ಮನುಷ್ಯ, ಅವತ್ತು ತಮಾಷೆ ಮಾಡಲಿಲ್ಲ.

"ಕಿವಿಯಣ್ಣ, ನೀವು ಇಲ್ಲಿಲ್ಲ," ಎಂದ. "ಎಲ್ಲಿದ್ದೀರೋ ಅಲ್ಲಿಗೆ ಹೋಗಿ ಬನ್ನಿ. ನಾವು ಚಹಾ ಕುಡಿದುಕೊಂಡು ಬರ್ತೀವಿ."

ಅವರು ಬೀದಿಯ ತುದಿಗೆ ಹೋದರು. ನಾನು ಮನೆಮನೆಯ ಬಾಗಿಲು ತಟ್ಟಿ ನಲ್ಲಿ ನಿಲ್ಲಿಸಲು ಹೇಳಿದೆ. ಬಂದು ಸರಳು ಊರಿದೆ. ಬಟ್ಟಲಿಗೆ ಕಿವಿ ಇಟ್ಟರೆ ಬರೀ ಗದ್ದಲ, ತಲೆಯೊಳಗೇ ಸಂತೆ ನೆರೆದಿತ್ತು. ನನಗೊಂದು ಪದ್ಧತಿ ಇದೆ. ಕೇಳಿಸುವ ಒಂದೊಂದು ಸದ್ದಿಗೂ ಬಾಯಿಬಿಟ್ಟು ಹೆಸರು ಹೇಳಿ ಅದನ್ನು ಬದಿಗಿಡುವುದು. ಹೆಸರು ಹೇಳಿದ ಸದ್ದು ಆಮೇಲೆ ಅಷ್ಟು ಕಾಡುವುದಿಲ್ಲ. ಎಲ್ಲ ಇಟ್ಟ ಮೇಲೆ ಉಳಿಯುವುದು ನೀರು. ಆ ವಾರವೆಲ್ಲ ಅದನ್ನು ಮಾಡಿಯೇ ಇರಲಿಲ್ಲ. ಈಗ ಶುರು ಮಾಡಿದೆ. ಇದು ನನ್ನ ರಕ್ತ ಬಡಿಯುವುದು. ಇದು ತಂತಿಗೆ ಗಾಳಿ. ಇದು ದೂರದ ಬಸ್ಸು. ಅವು ಬೇಗ ಮುಗಿದವು, ಗದ್ದಲ ಮುಗಿಯಲಿಲ್ಲ. ಹಾಗಾಗಿ ಮುಂದುವರಿಸಿದೆ. ಇದು ರಜೆಯ ಅರ್ಜಿ. ಇದು ರಕ್ತದ ಬಾಟಲಿ. ಇದು ಹೆಂಡತಿಯ ಮೇಲೆ ರೇಗಿದ್ದು. ಇದು ಒಣ ಗುಂಡಿ, ಇದು ಸಾಹೇಬರಿಗೆ ಏನು ಹೇಳುವುದೆಂಬ ಚಿಂತೆ. ಇದು ಹೆದರಿಕೆ. ಹೆದರಿಕೆ ಎಂದ ಮೇಲೆ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ತಲೆಯೊಳಗೇ ಒಂದು ದನಿ ಕೇಳಿತು. ಇನ್ನೇನಾದ್ರೂ ಇದ್ಯಾ?

ಅದು ಅಕ್ಕನ ದನಿ. ಈಗಿನದಲ್ಲ, ಇಪ್ಪತ್ತು ವರ್ಷದವಳಿದ್ದಾಗಿನದು.

ನನಗೆ ಅಕ್ಷರಗಳು ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಸಾಲಿನ ಮೇಲೆ ಇರುವೆಗಳ ಹಾಗೆ ಸರಿದಾಡುತ್ತಿದ್ದವು. ಈಗಲೂ ಅಷ್ಟೆ, ಬೆರಳಿಟ್ಟುಕೊಂಡು ಓದುತ್ತೇನೆ. ಮೇಷ್ಟರು ನನ್ನನ್ನು ದಡ್ಡ ಎಂದು ಹಿಂದಿನ ಬೆಂಚಿಗೆ ಕಳಿಸಿದರು. ಅಕ್ಕ ದಿನವೂ ಎಂಟು ಗಂಟೆ ಓದಿ, ಸಂಜೆ ಮನೆಗೆ ಬಂದು, ಒಂದು ಲೋಟ ಬಿಸಿನೀರು ಕುಡಿದು, ನನ್ನ ಪಾಠಗಳನ್ನೆಲ್ಲ ನನಗೆ ಓದಿ ಹೇಳುತ್ತಿದ್ದಳು. ನಾನು ಒಂದು ಕಡೆ ಕೂರುವ ಹುಡುಗನಲ್ಲ. ಅದಕ್ಕೇ ಅವಳು ಪುಸ್ತಕ ತೆರೆಯುವ ಮೊದಲು ತಲೆಯಲ್ಲಿರುವುದನ್ನೆಲ್ಲ ಹೇಳಿಬಿಡು ಎನ್ನುತ್ತಿದ್ದಳು. ಗೋಲಿ ಕಳೆದದ್ದು, ಯಾರೋ ಗುದ್ದಿದ್ದು, ಹಸಿವು. ನಾನು ಹೇಳುತ್ತಾ ಹೋಗುತ್ತಿದ್ದೆ. ನಿಲ್ಲಿಸಿದಾಗಲೆಲ್ಲ, ಇನ್ನೇನಾದ್ರೂ ಇದ್ಯಾ ಎಂದು ಕೇಳುತ್ತಿದ್ದಳು. ಏನೂ ಇಲ್ಲ ಎಂದಾಗ ಓದುವುದು. ಒಂದು ಸಲ ಮೇಷ್ಟರು ಪಾಠ ಒಪ್ಪಿಸು ಎಂದಾಗ ನಾನು, ರಾಜ ಬಂದ ಪೂರ್ಣವಿರಾಮ ರಾಣಿ ಅಲ್ಪವಿರಾಮ ದಾಸಿ ಎದ್ದು ನಿಂತರು ಪೂರ್ಣವಿರಾಮ ಎಂದು ಒಪ್ಪಿಸಿ ಇಡೀ ತರಗತಿಯನ್ನು ನಗಿಸಿದೆ. ಮನೆಗೆ ಬಂದು ಅವಳ ಮೇಲೆ ಕೂಗಾಡಿದೆ. ಮಾರನೆಯ ದಿನದಿಂದ ಅವಳು ಚಿಹ್ನೆಗಳನ್ನೆಲ್ಲ ನುಂಗಿಕೊಂಡು ಓದಿದಳು. ಪ್ರತಿ ಸಾಲಿನ ಕೊನೆಗೂ ತುಟಿ ಸ್ವಲ್ಪ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ. ಹೀಗೆ ಹತ್ತು ವರ್ಷ. ಇತರರು ಕಣ್ಣಿನಿಂದ ಕಲಿತದ್ದನ್ನೆಲ್ಲ ನಾನು ಕಿವಿಯಿಂದ ಕಲಿತು ಪಾಸಾದೆ, ಅದೇ ಕಿವಿಯಿಂದ ಕೆಲಸ ಹಿಡಿದೆ.

ಸದ್ದಿಗೆ ಹೆಸರಿಟ್ಟು ಬದಿಗಿಡುವ ಪದ್ಧತಿ ನನ್ನದೇ ಎಂದು ಹತ್ತೊಂಬತ್ತು ವರ್ಷ ಅಂದುಕೊಂಡಿದ್ದೆ. ಹೊಸಬರಿಗೆ ಕಲಿಸುವಾಗಲೂ ಹಾಗೇ ಹೇಳಿದ್ದೆ. ಬಟ್ಟಲಿಗೆ ಕಿವಿಯಿಟ್ಟು ನಡುಬೀದಿಯಲ್ಲಿ ಅತ್ತೆ. ದುಃಖ ಇತ್ತು, ನಾಚಿಕೆ ಇತ್ತು. ಅವೆರಡರ ಕೆಳಗೆ ಇನ್ನೊಂದು ಇತ್ತು. ಇಂಥ ಅಕ್ಕ ನನಗೆ ಸಿಕ್ಕಳಲ್ಲ ಎಂಬ ಸಂತೋಷ. ಅದು ಅಷ್ಟು ವರ್ಷದಿಂದ ಅಲ್ಲೇ ಇದ್ದಿರಬೇಕು, ಗದ್ದಲದಲ್ಲಿ ನನಗೆ ಕೇಳಿರಲಿಲ್ಲ.

ಆಮೇಲೆ ನೀರು ಕೇಳಿಸಿತು. ಹನ್ನೊಂದು ಮನೆ ಆಚೆಗೆ, ತೆಳ್ಳಗೆ, ಬಿಡುವಿಲ್ಲದೆ. ಮೂರು ಸಲ ಪರೀಕ್ಷಿಸಿ ಗುರುತು ಹಾಕಿದೆ. ಮೇಸ್ತ್ರಿ ನನ್ನ ಕೆಂಪು ಕಣ್ಣು ನೋಡಿಯೂ ನೋಡದವನಂತೆ ಗುದ್ದಲಿ ಎತ್ತಿಕೊಂಡ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಮಣ್ಣು ಕೆಸರಾಯಿತು. ನಾನು ಸಾಹೇಬರಿಗೆ ಫೋನು ಮಾಡಿ ಮೊದಲ ಗುಂಡಿ ನನ್ನ ತಪ್ಪು ಎಂದು ಹೇಳಿ ಮನೆಗೆ ಹೊರಟೆ.

ಮನೆಯಲ್ಲಿ ಫೋನನ್ನೂ ಕಾಗದಗಳ ಚೀಲವನ್ನೂ ಹೆಂಡತಿಯ ಕೈಗೆ ಕೊಟ್ಟೆ. ಇವನ್ನು ನೀನೇ ನೋಡಿಕೊಂಡರೆ ನನಗೆ ದೊಡ್ಡ ಉಪಕಾರ ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನಾದರೂ ಬಂದಿದೆಯೇ ಎಂದು. ಅಕ್ಕನ ಕೋಣೆಗೆ ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅಕ್ಕ ನನ್ನ ಖಾಲಿ ಕೈಗಳನ್ನು ನೋಡಿದಳು. ನಾನು ಬೆಳಗಿನಿಂದ ನಡೆದದ್ದನ್ನು ಶುರು ಮಾಡಿ ಎಲ್ಲವನ್ನೂ ಹೇಳಿದೆ. ಒಣ ಗುಂಡಿ, ಮುದುಕಿಯ ಒದ್ದೆ ಕೈ, ರಕ್ತ, ಕೊಳವೆ, ಮಂಚ. ನಿಲ್ಲಿಸಿದಾಗ ಅವಳು ಹುಬ್ಬು ಎತ್ತಿದಳು. ಇನ್ನೇನಾದರೂ ಇದೆಯಾ ಎಂದು ಅದರ ಅರ್ಥ.

"ಹೆದರಿಕೆ ಆಗ್ತಿದೆ ಅಕ್ಕ," ಎಂದೆ.

ಅವಳು ತಲೆದೂಗಿದಳು. ತನಗೂ ಎಂಬಂತೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಮತ್ತೆ ಹುಬ್ಬು ಎತ್ತಿದಳು.

"ಈ ಕಿವಿ ನೀನು ಮಾಡಿದ್ದು," ಎಂದೆ. "ನಲವತ್ತು ವರ್ಷ ಆಯ್ತು, ಒಂದ್ ದಿನಾನೂ ನಿನಗೆ ಹೇಳ್ಲಿಲ್ಲ. ನೀನು ನನಗೋಸ್ಕರ ಓದಿದೆ. ನಾನು ಬದುಕಿದ್ದೇ ಅದರಿಂದ."

 ಅವಳ ಕಣ್ಣು ತುಂಬಿತು, ಆದರೂ ಬಾಯಿಯ ಮೂಲೆಯಲ್ಲಿ ಪಾಠ ಹೇಳುವಾಗಿನ ಹಳೆಯ ಬಿಗಿ ಇತ್ತು.

"ಗೊತ್ತು," ಎಂದಳು. ದಿಂಬಿನ ಅಡಿಯಿಂದ ಒಂದು ದಪ್ಪ ಪುಸ್ತಕ ತೆಗೆದು ನನ್ನ ತೊಡೆಯ ಮೇಲಿಟ್ಟಳು. "ಓದು."

ಅದು ಒಂದು ಹಳೆಯ ಕಾದಂಬರಿ, ದೋಣಿ ನಡೆಸುವ ಒಬ್ಬ ಹೆಂಗಸಿನ ಕಥೆ. ಮೂವತ್ತು ವರ್ಷದ ಹಿಂದೆ ಅವಳ ಮುದ್ರಣಾಲಯದಲ್ಲೇ ಅಚ್ಚಾದದ್ದು. ಪೂರ್ತಿ ಅವಳೇ ಓದಿ ಹೇಳಿದ್ದಳು. ಹಾಗಿದ್ದರೆ ನಿನಗೆ ಕಥೆ ಗೊತ್ತಲ್ಲ ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಒಂದೊಂದು ಮಾತಿನ ನಡುವೆಯೂ ನಿಂತು ನಿಂತು ಹೇಳಿದಳು.

"ಕೆಲಸದಲ್ಲಿ ಬಾಯಿ ಓದುತ್ತೆ, ತಲೆಗೆ ಹೋಗಲ್ಲ. ಮನೇಲಿ ಕಣ್ಣಲ್ಲಿ ಓದಿದ್ರೆ ಬರೀ ಅಚ್ಚಿನ ತಪ್ಪು ಕಾಣುತ್ತೆ, ಕಥೆ ಕಾಣಲ್ಲ. ನನಗೆ ಯಾರೂ ಇವತ್ತಿನ ತನಕ ಒಂದು ಸಾಲೂ ಓದಿ ಹೇಳಿಲ್ಲ ಕಣೋ."

ಆ ಒಂದು ಗಂಟೆ ಅವಳು ಕೇಳಿದ್ದು ಇದಕ್ಕೆ. ದನಿ ಇರುವಾಗಲೇ ಅವಳು ನನ್ನ ಓದನ್ನು ತಿದ್ದಬೇಕಾಗಿತ್ತು. ಸೋಮವಾರದ ನಂತರ ಹಾಗಲ್ಲ ಹೀಗೆ ಎಂದು ಹೇಳಲು ಆಗುವುದಿಲ್ಲ ಎಂದು ಅವಳು ಲೆಕ್ಕ ಹಾಕಿದ್ದಳು. ಅಷ್ಟರಲ್ಲಿ ಎರಡು ದಿನವನ್ನು ನಾನು ಊಟ ಆಯ್ತಾ ಪ್ರಶ್ನೆಗೆ ಸುರಿದಿದ್ದೆ.

ಬೆರಳಿಟ್ಟು ಓದಿದೆ. ಮೊದಲ ಪುಟಕ್ಕೆ ಕಾಲು ಗಂಟೆ ಹಿಡಿಯಿತು. ಮೈ ಬೆವರಿತು. ಓಡಬೇಡ ಎಂದಳು, ಪದ ನುಂಗಬೇಡ ಎಂದಳು, ತಪ್ಪಾದರೆ ಮುಂದೆ ದಾಟಬೇಡ, ಹಿಂದೆ ಹೋಗು ಎಂದಳು. ಚಿಹ್ನೆ ಬಂದಾಗ ಉಸಿರು ಬಿಡು, ಹೇಳಬೇಡ ಎಂದಳು, ಹೇಳಿ ಸ್ವಲ್ಪ ನಕ್ಕಳು. ನೋವಾದಾಗ ಮಾತಿನ ಬದಲು ಮಂಚದ ಪಟ್ಟಿಯನ್ನು ಬೆರಳಿನಿಂದ ಒಂದು ಸಲ ತಟ್ಟತೊಡಗಿದಳು. ಶನಿವಾರ ಓದಿದೆ, ಭಾನುವಾರ ಓದಿದೆ. ತಲೆಯೊಳಗೆ ಬೇರೆ ಏನಾದರೂ ನುಗ್ಗಿದರೆ ಅಕ್ಷರಗಳು ಸರಿದುಬಿಡುತ್ತಿದ್ದವು, ಅದಕ್ಕೇ ನುಗ್ಗಲು ಬಿಡಲಿಲ್ಲ. ನನ್ನ ಹೆಂಡತಿ ರಕ್ತ, ಅರ್ಜಿ, ಕೊಳವೆ ಎಲ್ಲ ಮುಗಿಸಿ ಬಂದು ಬಾಗಿಲ ಬಳಿ ನೆಲದ ಮೇಲೆ ಕೂತು ಕೇಳಿದಳು. ಪ್ರವಾಹದಲ್ಲಿ ದೋಣಿ ಮಗುಚಿದ ಕಡೆ ಅಕ್ಕ ಉಸಿರು ಹಿಡಿದಳು. ಅಷ್ಟು ಸಾವಿರ ಪುಟ ಓದಿದವಳು ಮೊದಲ ಸಲ ಕಥೆ ಕೇಳುತ್ತಿದ್ದಳು. ಅವಳ ಮುಖ ನೋಡುತ್ತಾ ನನ್ನ ಸಾಲು ತಪ್ಪಿತು, ಅವಳು ತಟ್ಟಿದಳು.

ಸೋಮವಾರ ಬೆಳಗ್ಗೆ ಅವಳನ್ನು ಗಾಲಿಮಂಚದ ಮೇಲೆ ಕರೆದೊಯ್ದರು. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿನವರೆಗೆ ನಾನೂ ಜೊತೆಗೆ ನಡೆದೆ. ಕೊನೆಯದಾಗಿ ಏನಾದರೂ ದೊಡ್ಡ ಮಾತು ಹೇಳುತ್ತಾಳೆ ಎಂದು ನಾನು ಬಾಗಿದೆ.

"ಎಷ್ಟನೇ ಪುಟ?" ಎಂದು ಕೇಳಿದಳು.

"ಐವತ್ತಾರು," ಎಂದೆ.

ಸರಿ ಎಂದು ತಲೆದೂಗಿದಳು. ಬಾಗಿಲು ಮುಚ್ಚಿತು. ಅವಳ ಸ್ವಂತ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಅದೇ. ಫೋನಿನಲ್ಲಿ ಇನ್ನೂ ಹದಿನಾಲ್ಕು ಮಾತುಗಳಿವೆ, ಅವನ್ನು ನಾನು ಕೇಳಲು ಹೋಗಿಲ್ಲ.

ಆರನೆಯ ದಿನ ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಕತ್ತಿನ ಬುಡದಲ್ಲಿ ಹೊಸ ರಂಧ್ರದಿಂದ ಉಸಿರು ಬಂದು ಹೋಗುವ ಸದ್ದು ಕೇಳುತ್ತಿತ್ತು. ಅವಳು ನನ್ನ ಕಡೆ ನೋಡಿ ಎರಡು ಅಂಗೈಗಳನ್ನು ಪುಸ್ತಕದ ಹಾಗೆ ಬಿಡಿಸಿದಳು. ನಾನು ಸ್ಟೂಲು ಎಳೆದುಕೊಂಡೆ. ಇದು ಅವಳ ಉಸಿರು, ಇದು ಪಕ್ಕದ ಹಾಸಿಗೆಯವರ ಕೆಮ್ಮು, ಇದು ನನ್ನ ಎದೆ ಬಡಿತ ಎಂದು ಮನಸ್ಸಿನಲ್ಲೇ ಒಂದೊಂದಾಗಿ ಬದಿಗಿಟ್ಟೆ. ಐವತ್ತಾರನೆಯ ಪುಟ ತೆರೆದು ಬೆರಳಿಟ್ಟು ಶುರು ಮಾಡಿದೆ. ಅರ್ಧ ಪುಟ ತಪ್ಪಿಲ್ಲದೆ ಹೋಯಿತು. ನನಗೆ ಸ್ವಲ್ಪ ಜಂಬ ಬಂತು, ಓಟ ಹೆಚ್ಚಾಯಿತು.

ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಬೆರಳು ಒಂದು ಸಲ ತಟ್ಟಿತು. ನಾನು ಹಿಂದಕ್ಕೆ ಹೋಗಿ ಆ ಸಾಲನ್ನು ಮತ್ತೆ ಓದಿದೆ.